ಒಂದೇ ಹಲ್ಲಿಗೆ ಮೂರು ಎಕ್ಸ್-ರೇ ಯಾಕೆ?

ಪ್ರಶ್ನೆ: ನಮ್ಮದು ಚಿತ್ರದುರ್ಗ. ನಮ್ಮ ಯಜಮಾನರಿಗೆ 46 ವರ್ಷ. ಕೆಳಗಡೆ ಬಲಕ್ಕೆ ಬುದ್ಧಿಹಲ್ಲು ಅಡ್ಡ ಬೆಳೆದಿದೆ. ಒಂದು ವರ್ಷದಲ್ಲಿ ಮೂರು ಸಲ ಕೆನ್ನೆ ಊದಿಕೊಂಡಿತ್ತು. ಮೊದಲು ಬಾಯೊಳಗೆ ಇಟ್ಟು ಸಣ್ಣ ಎಕ್ಸ್-ರೇ ತೆಗೆಯಲು ನೋಡಿದರು. ಇವರು ಅಡಿಕೆ ಜಾಸ್ತಿ ಹಾಕುತ್ತಾರೆ, ಬಾಯಿ ಪೂರ್ತಿ ತೆರೆಯಲು ಆಗಲ್ಲ, ಅದಕ್ಕೇ ಸರಿಯಾಗಿ ಬರಲಿಲ್ಲ. ಆಮೇಲೆ ಇಡೀ ದವಡೆಯ ಎಕ್ಸ್-ರೇ, ಒಪಿಜಿ ಅಂತಾರಲ್ಲ, ಅದು ಆಯಿತು. ಈಗ ಹಲ್ಲು ನರಕ್ಕೆ ತಾಗಿದೆಯೋ ಏನೋ ನೋಡಬೇಕು, ದಾವಣಗೆರೆಗೆ ಹೋಗಿ ಸಿಬಿಸಿಟಿ ಅನ್ನುವ ದವಡೆಯ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಅನ್ನುತ್ತಿದ್ದಾರೆ. ಒಂದು ಹಲ್ಲು ಕೀಳಲು ಮೂರು ಎಕ್ಸ್-ರೇ ಬೇಕಾ? ದುಡ್ಡಿಗೋಸ್ಕರ ಹೇಳ್ತಿದ್ದಾರಾ? ಇಷ್ಟೊಂದು ಕಿರಣ ಬಿದ್ದರೆ ಕ್ಯಾನ್ಸರ್ ಬರಲ್ವಾ? ನಮ್ಮ 11 ವರ್ಷದ ಮಗಳಿಗೆ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆ ಇದೆ. ಹೋದಾಗಲೇ ಅವಳಿಗೂ ಒಂದು ತೆಗೆಸಿಬಿಡೋಣವಾ?

ಉತ್ತರ: ದುಡ್ಡಿನ ಅನುಮಾನದಿಂದಲೇ ಶುರು ಮಾಡೋಣ. ನೀವು ಬರೆದದ್ದನ್ನು ಓದಿದರೆ, ನಿಮ್ಮ ವೈದ್ಯರು ಸುಮ್ನೆ ಬರೆದುಕೊಟ್ಟ ಹಾಗೆ ಕಾಣುವುದಿಲ್ಲ. "ನರಕ್ಕೆ ತಾಗಿದೆಯೋ ಏನೋ ನೋಡಬೇಕು" ಅಂದಿದ್ದಾರಲ್ಲ, ಆ ಒಂದು ಮಾತು ನನಗೆ ಸಾಕು. ಯಾವ ಎಕ್ಸ್-ರೇಗಾದರೂ ಹಿಂದೆ ಒಂದು ಪ್ರಶ್ನೆ ಇರಬೇಕು. ಇದರಿಂದ ಏನು ಗೊತ್ತಾಗಬೇಕು, ಗೊತ್ತಾದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಅಂತ ಕೇಳಿದರೆ ಉತ್ತರ ಸಿಗಬೇಕು. ನಿಮ್ಮವರ ವಿಷಯದಲ್ಲಿ ಉತ್ತರ ಇದೆ. "ಹೊಸ ಮೆಷಿನ್ ಬಂದಿದೆ, ಒಂದು ತೆಗೆಸಿಬಿಡಿ" ಅಂದಿದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ದಾವಣಗೆರೆಯಲ್ಲಿ ಕೂತು ದಿನವಿಡೀ ಹಲ್ಲು, ದವಡೆಯ ಎಕ್ಸ್-ರೇಗಳನ್ನು ನೋಡಿ ವರದಿ ಬರೆಯುವ ಕೆಲಸ ನನ್ನದು. ಅಲ್ಲಿ ಬರುವವರಲ್ಲಿ ಬಹಳ ಜನ ಈ ಮೂರೂ ಒಂದೇ ಎಕ್ಸ್-ರೇ, ಸೈಜು ಮಾತ್ರ ಬೇರೆ ಅಂದುಕೊಂಡಿರುತ್ತಾರೆ. ಸಣ್ಣದು ಅಗ್ಗ, ದೊಡ್ಡದು ಒಳ್ಳೆಯದು ಅನ್ನೋ ಲೆಕ್ಕ. ಹಾಗಲ್ಲ.

ಬಾಯೊಳಗೆ ಇಡುತ್ತಾರಲ್ಲ ಆ ಸಣ್ಣದು, ಅದರಷ್ಟು ಸೂಕ್ಷ್ಮವಾದದ್ದು ಇವತ್ತಿಗೂ ಬೇರೆ ಇಲ್ಲ. ಎರಡು ಹಲ್ಲಿನ ಸಂದಿಯಲ್ಲಿ ಅಡಗಿದ ಹುಳುಕು, ಬೇರಿನ ತುದಿಯ ಕೀವು, ರೂಟ್ ಕೆನಾಲ್ ಮಾಡುವಾಗ ಸೂಜಿ ಎಲ್ಲಿತನಕ ಇಳಿದಿದೆ ಅನ್ನುವುದು, ಇದೆಲ್ಲ ಅದರಲ್ಲೇ ಚೆನ್ನಾಗಿ ಕಾಣುವುದು. ಮೊದಲು ಫಿಲ್ಮ್ ಇಟ್ಟು ತೆಗೆದು, ಕತ್ತಲಲ್ಲಿ ತೊಳೆದು, ಕ್ಲಿಪ್ಪಿಗೆ ನೇತುಹಾಕಿ ಒಣಗಿಸಬೇಕಿತ್ತು. 1980ರ ದಶಕದಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಮೌಯೆನ್ ಅನ್ನುವವರು ಫಿಲ್ಮಿನ ಬದಲು ಸೆನ್ಸರ್ ಇಡುವ ದಾರಿ ಕಂಡುಹಿಡಿದರು. ಅದೇ ಈಗ ಊರೂರಿನ ಕ್ಲಿನಿಕ್ಕಿನಲ್ಲಿ ಇರುವ ಆರ್‌ವಿಜಿ. ಬಟನ್ ಒತ್ತಿದ ಕೆಲವೇ ಸೆಕೆಂಡಿಗೆ ಪಕ್ಕದ ಕಂಪ್ಯೂಟರಿನಲ್ಲಿ ಹಲ್ಲು ಬಂದಿರುತ್ತದೆ. ಕಿರಣವೂ ಮೊದಲಿಗಿಂತ ಕಡಿಮೆ ಸಾಕು.

ಆದರೆ ಆ ಸೆನ್ಸರ್ ಗಟ್ಟಿ ಬಿಲ್ಲೆ. ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು ಅಗಲ, ಹಿಂದೆ ವೈರು ಬೇರೆ. ಬುದ್ಧಿಹಲ್ಲಿನ ತನಕ ಒಳಗೆ ಹೋಗಬೇಕಾದರೆ ಬಾಯಿ ಚೆನ್ನಾಗಿ ತೆರೆಯಬೇಕು. ನಿಮ್ಮವರಿಗೆ ಆಗಲಿಲ್ಲ ಅಂದಿರಲ್ಲ, ಅದು ಎಕ್ಸ್-ರೇ ತೆಗೆದವರ ತಪ್ಪಲ್ಲ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಜ ಹೇಳಬೇಕಂದ್ರೆ ನನಗೆ ಬುದ್ಧಿಹಲ್ಲಿಗಿಂತ ಅದೇ ಜಾಸ್ತಿ ಚಿಂತೆ.

ಇನ್ನು ಒಪಿಜಿ. ಇದರ ಮೂಲ ಫಿನ್‌ಲೆಂಡಿನ ಪಾಟೆರೊ ಅನ್ನುವ ದಂತವೈದ್ಯರ ಕೆಲಸ. ಗಲ್ಲ ಊರಿ, ಮುಂದಿನ ಹಲ್ಲಿನಲ್ಲಿ ಒಂದು ಕಡ್ಡಿ ಕಚ್ಚಿ ನಿಂತರೆ ಮೆಷಿನ್ ತಲೆಯ ಸುತ್ತ ಹದಿನೈದು ಸೆಕೆಂಡಿನಷ್ಟು ತಿರುಗುತ್ತದೆ. ಲಾಳದ ಹಾಗೆ ಬಾಗಿರುವ ದವಡೆಯನ್ನು ಬಿಡಿಸಿ ಕಾಗದದ ಮೇಲೆ ಹಾಸಿದಂಥ ಚಿತ್ರ ಬರುತ್ತದೆ. ಮೇಲಿನ ಹಲ್ಲು, ಕೆಳಗಿನ ಹಲ್ಲು, ಎರಡೂ ಕಡೆ ದವಡೆ ಕೀಲು, ಎಲ್ಲ ಒಂದೇ ಹಾಳೆಯಲ್ಲಿ. ಬಾಯೊಳಗೆ ಏನೂ ತುರುಕಬೇಕಿಲ್ಲ. ನಿಮ್ಮವರಿಗೆ ಒಪಿಜಿಗೆ ಹೋದದ್ದು ಸರಿಯೇ ಆಯಿತು.

ಒಪಿಜಿ ತೆಗೆಸುವಾಗ ಒಂದು ತಮಾಷೆ ಇದೆ, ಹೇಳಿಬಿಡುತ್ತೇನೆ. ಕಿವಿಯಲ್ಲಿ ಓಲೆ ಇದ್ದರೆ ಅದು ಇರುವ ಜಾಗದಲ್ಲಿ ಒಂದು ಸಲ ಬರುತ್ತದೆ. ಎದುರು ಪಕ್ಕದಲ್ಲಿ, ಸ್ವಲ್ಪ ಮೇಲಕ್ಕೆ, ದೊಡ್ಡದಾಗಿ ಮಸುಕುಮಸುಕಾಗಿ ಇನ್ನೊಂದು ಸಲ ಬರುತ್ತದೆ. ನಮ್ಮ ಭಾಷೆಯಲ್ಲಿ ಅದಕ್ಕೆ ದೆವ್ವದ ನೆರಳು ಅಂತಲೇ ಹೆಸರು. ಆ ನೆರಳು ಹಲ್ಲಿನ ಬೇರಿನ ಮೇಲೆ ಬಿದ್ದರೆ ಕೆಳಗಿರುವುದು ಕಾಣದು. ಮದುವೆಯಾದಾಗಿನಿಂದ ಮೂಗುಬೊಟ್ಟು ಬಿಚ್ಚಿಲ್ಲ ಅನ್ನುವ ಅಜ್ಜಿಯರು ಬರುತ್ತಾರೆ. ತಿರುಪು ಕಚ್ಚಿಕೊಂಡಿರುತ್ತದೆ, ಹಣೆಗೆ ಕೈ ಹಚ್ಚಿ ಕೂರುತ್ತಾರೆ. ಅಂಥವರಿಗೆ ಒತ್ತಾಯ ಮಾಡುವುದಿಲ್ಲ, ನೆರಳು ಲೆಕ್ಕ ಹಿಡಿದೇ ಓದುತ್ತೇವೆ. ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿಯಿರಿ ಅಂತ ಹೇಳುವುದಕ್ಕೂ ಕಾರಣ ಇದೆ. ಒತ್ತದಿದ್ದರೆ ನಡುವೆ ಗಾಳಿ ನಿಂತು ಮೇಲಿನ ಹಲ್ಲುಗಳ ಬೇರಿನ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ.

ಒಪಿಜಿಯ ದೊಡ್ಡ ಕೊರತೆ ಬೇರೆ. ಅದು ಚಪ್ಪಟೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಳುವುದಿಲ್ಲ. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಓಬವ್ವನ ಕಿಂಡಿಯ ಹತ್ತಿರ ದೂರದಿಂದ ಒಂದು ಫೋಟೋ ತೆಗೆಯಿರಿ. ಬಂಡೆಗೆ ಬಂಡೆ ಕೂಡಿಕೊಂಡ ಹಾಗೆ ಕಾಣುತ್ತದೆ. ನಡುವೆ ಮನುಷ್ಯ ನುಸುಳುವಷ್ಟು ಸಂದಿ ಇದೆ ಅಂತ ಫೋಟೋ ನೋಡಿದವರಿಗೆ ತಿಳಿಯದು. ಪಕ್ಕಕ್ಕೆ ಹೋಗಿ ನೋಡಬೇಕು.

ನಿಮ್ಮವರ ದವಡೆಯಲ್ಲಿ ಆಗಿರುವುದೂ ಇದೇ. ಕೆಳ ದವಡೆಯ ಮೂಳೆಯೊಳಗೆ ಒಂದು ಕೊಳವೆ ಇದೆ. ಅದರಲ್ಲಿ ಕೆಳತುಟಿಗೆ, ಗಲ್ಲಕ್ಕೆ ಸ್ಪರ್ಶ ಕೊಡುವ ನರ ಹೋಗುತ್ತದೆ. ಒಪಿಜಿಯಲ್ಲಿ ಆ ಕೊಳವೆ ಎರಡು ಬಿಳಿ ಗೆರೆಯಾಗಿ ಕಾಣುತ್ತದೆ, ಮಣ್ಣಿನ ದಾರಿಯಲ್ಲಿ ಎತ್ತಿನ ಗಾಡಿಯ ಜಾಡು ಇರುತ್ತದಲ್ಲ ಹಾಗೆ. ಬುದ್ಧಿಹಲ್ಲಿನ ಬೇರು ಆ ಜಾಡಿನ ಮೇಲೆ ಬಂದಾಗ ನಾವು ಮೂರು ಗುರುತು ಹುಡುಕುತ್ತೇವೆ. ಬಿಳಿ ಗೆರೆ ಅಲ್ಲಿ ಅಳಿಸಿಹೋಗಿದೆಯಾ? ಬೇರಿಗೆ ಅಡ್ಡಲಾಗಿ ಕಪ್ಪು ಪಟ್ಟಿ ಬಿದ್ದಿದೆಯಾ? ಕೊಳವೆ ಬೇರನ್ನು ಕಂಡು ಪಕ್ಕಕ್ಕೆ ಸೊಟ್ಟಗೆ ತಿರುಗಿದೆಯಾ? ಇದ್ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಒಪಿಜಿ ಸಾಕು, ಹಲ್ಲು ಕೀಳಿಸಿಕೊಂಡು ಮನೆಗೆ ಹೋಗಬಹುದು. ಇದ್ದರೆ ಬೇರು ನರಕ್ಕೆ ನಿಜವಾಗಿಯೂ ತಾಗಿದೆಯಾ ಅಥವಾ ಚಿತ್ರದಲ್ಲಿ ಮಾತ್ರ ಒಂದರ ಮೇಲೊಂದು ಬಂದಿದೆಯಾ ಅನ್ನುವ ಪ್ರಶ್ನೆ ಏಳುತ್ತದೆ. ಪಕ್ಕಕ್ಕೆ ಹೋಗಿ ನೋಡುವ ಉಪಾಯವೇ ಸಿಬಿಸಿಟಿ.

ಇದು ದಂತ ಚಿಕಿತ್ಸೆಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಇಟಲಿ ಮತ್ತು ಜಪಾನಿನಲ್ಲಿ ಮೊದಲ ಮೆಷಿನ್‌ಗಳು ತಯಾರಾದವು. ಆಸ್ಪತ್ರೆಯ ದೊಡ್ಡ ಸಿಟಿ ಸ್ಕ್ಯಾನಿನ ಹಾಗೆ ಮಲಗಬೇಕಿಲ್ಲ. ಕೂತಿರುತ್ತೀರಿ ಇಲ್ಲವೇ ನಿಂತಿರುತ್ತೀರಿ. ಶಂಕುವಿನ ಆಕಾರದಲ್ಲಿ ಕಿರಣ ಹಾಯುತ್ತಾ ಮೆಷಿನ್ ಒಂದು ಸುತ್ತು ಬರುತ್ತದೆ, ಅಷ್ಟರಲ್ಲಿ ನೂರಾರು ಚಿತ್ರ ತೆಗೆದಿರುತ್ತದೆ. ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ದವಡೆಯನ್ನು ಗಟ್ಟಿ ವಸ್ತುವಾಗಿ ಕಟ್ಟುತ್ತದೆ. ಆಮೇಲೆ ಬೇಕಾದ ಕಡೆಯಿಂದ ಹೋಳು ಮಾಡಿ ನೋಡಬಹುದು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು ಹೋಳು. ನರ ಬೇರಿನ ಕೆನ್ನೆ ಕಡೆ ಇದೆಯೋ, ನಾಲಿಗೆ ಕಡೆ ಇದೆಯೋ, ನಡುವೆ ಮೂಳೆ ಉಳಿದಿದೆಯೋ, ಎರಡು ಬೇರಿನ ನಡುವೆ ನರ ಸಿಕ್ಕಿಹಾಕಿಕೊಂಡಿದೆಯೋ, ಎಲ್ಲ ಗೊತ್ತಾಗುತ್ತದೆ.

ಗೊತ್ತಾದರೆ ಏನು ಬದಲಾಗುತ್ತದೆ? ಹಲ್ಲನ್ನು ಯಾವ ಕಡೆಯಿಂದ ತುಂಡು ಮಾಡಬೇಕು ಅನ್ನುವುದು ಬದಲಾಗುತ್ತದೆ. ಬೇರು ನರಕ್ಕೆ ಅಂಟಿಯೇ ಇದ್ದರೆ ಹಲ್ಲಿನ ತಲೆ ಮಾತ್ರ ತೆಗೆದು ಬೇರನ್ನು ಅಲ್ಲೇ ಬಿಡುವ ವಿಧಾನವೂ ಇದೆ. ನರಕ್ಕೆ ಪೆಟ್ಟಾದರೆ ಕೆಳತುಟಿ ಜೋಮು ಹಿಡಿಯುತ್ತದೆ. ಕಾಫಿ ಕುಡಿದರೆ ಗಲ್ಲದ ಮೇಲೆ ಸುರಿದದ್ದು ತಿಳಿಯುವುದಿಲ್ಲ, ಶೇವ್ ಮಾಡುವಾಗ ಕೊಯ್ದುಕೊಂಡರೂ ತಿಳಿಯುವುದಿಲ್ಲ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಹಾಗೇ ಉಳಿಯುತ್ತದೆ.

ಹಾಗಂತ ಸಿಬಿಸಿಟಿ ಮಾಡಿಸಿದರೆ ಜೋಮು ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ಒಪಿಜಿ ಮಾತ್ರ ನೋಡಿ ಕಿತ್ತವರನ್ನೂ ಸಿಬಿಸಿಟಿ ನೋಡಿ ಕಿತ್ತವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ನರದ ಪೆಟ್ಟು ಕಡಿಮೆಯಾದದ್ದು ಸ್ಪಷ್ಟವಾಗಿ ಕಂಡಿಲ್ಲ. ಅದಕ್ಕೇ ಬುದ್ಧಿಹಲ್ಲು ಅಂದ ಕೂಡಲೇ ಎಲ್ಲರಿಗೂ ಸಿಬಿಸಿಟಿ ಬರೆಯುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಒಪಿಜಿಯಲ್ಲಿ ಅನುಮಾನದ ಗುರುತು ಇರಬೇಕು, ಕೀಳಲೇಬೇಕಾದ ಕಾರಣವೂ ಇರಬೇಕು. ವರ್ಷದಲ್ಲಿ ಮೂರು ಸಲ ಊದಿದೆ ಅಂದರೆ ಕಾರಣ ಇದೆ. ಗುರುತಿನ ಬಗ್ಗೆ ನಿಮ್ಮ ವೈದ್ಯರನ್ನೇ ಕೇಳಿ. ಒಪಿಜಿ ಹಿಡಿದು ಬೆರಳಿಟ್ಟು ತೋರಿಸುತ್ತಾರೆ.

ಚಪ್ಪಟೆ ಚಿತ್ರ ಎಷ್ಟು ದಾರಿ ತಪ್ಪಿಸುತ್ತದೆ ಅಂತ ನನ್ನದೇ ಕತೆ ಹೇಳುತ್ತೇನೆ. ಹೊಸದಾಗಿ ಸೇರಿದ ದಿನಗಳು. ಒಬ್ಬ ಹುಡುಗನ ಕೆಳಗಿನ ಸಣ್ಣ ದವಡೆಹಲ್ಲಿನ ಬೇರಿನ ತುದಿಯಲ್ಲಿ ಕಪ್ಪಗೆ ಒಂದು ಚುಕ್ಕೆ ಕಂಡಿತು. ಕೀವು ಕಟ್ಟಿದೆ, ರೂಟ್ ಕೆನಾಲ್ ಮಾಡಬೇಕು ಅಂತ ಬರೆದೆ. ಹಿರಿಯರೊಬ್ಬರು ಎಕ್ಸ್-ರೇ ತೆಗೆದುಕೊಂಡು ನೋಡಿ, ಏನೂ ಬಯ್ಯದೆ, "ಟ್ಯೂಬನ್ನು ಸ್ವಲ್ಪ ಓರೆ ಮಾಡಿ ಇನ್ನೊಂದು ತೆಗಿ" ಅಂದರು. ತೆಗೆದೆ. ಚುಕ್ಕೆ ಬೇರನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು! ಅದು ಕೀವಲ್ಲ. ಆ ನರ ಮೂಳೆಯಿಂದ ಹೊರಗೆ ಬರುವ ತೂತು, ಎಲ್ಲರಿಗೂ ಇರುವಂಥದ್ದು. ಹಲ್ಲು ಗಟ್ಟಿಮುಟ್ಟಾಗಿತ್ತು. ಒಂದು ಒಳ್ಳೆಯ ಹಲ್ಲನ್ನು ಕೊರೆಸಿಬಿಡುತ್ತಿದ್ದೆನಲ್ಲ ಅಂತ ಅವತ್ತು ಊಟ ಸೇರಲಿಲ್ಲ.

ಸಿಬಿಸಿಟಿಗೂ ಮಿತಿ ಇದೆ. ಹತ್ತಿರದಲ್ಲಿ ಲೋಹದ ಕ್ಯಾಪ್ ಇದ್ದರೆ ಬಿಳಿ ಕಪ್ಪು ಗೀಟು ಹರಡಿ ಚಿತ್ರ ಕೆಡುತ್ತದೆ. ಆ ಹೊತ್ತಿಗೆ ಉಗುಳು ನುಂಗಿ ಅಲ್ಲಾಡಿದರೂ ಕೆಡುತ್ತದೆ. ಒಸಡು, ನಾಲಿಗೆ, ಕೆನ್ನೆಯ ಒಳಪದರ ಇಂಥ ಮೆತ್ತನೆಯದು ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಈ ಕೊನೆಯದನ್ನು ನೆನಪಿಡಿ.

ಈಗ ಕಿರಣದ ಭಯ. ವಿಕಿರಣವನ್ನು ಮೈಕ್ರೋಸೀವರ್ಟ್ ಅನ್ನುವ ಅಳತೆಯಲ್ಲಿ ಲೆಕ್ಕ ಹಾಕುತ್ತೇವೆ. ಯಾವ ಎಕ್ಸ್-ರೇಯೂ ಇಲ್ಲದೆ, ಮಣ್ಣು, ಕಲ್ಲು, ಗಾಳಿ, ಆಕಾಶದಿಂದಲೇ ಪ್ರಪಂಚದಲ್ಲಿ ಸರಾಸರಿ ಒಬ್ಬ ಮನುಷ್ಯನಿಗೆ ವರ್ಷಕ್ಕೆ 2400ರಷ್ಟು ಬೀಳುತ್ತದೆ. ದಿನಕ್ಕೆ ಆರೂವರೆ. ನಿಮ್ಮ ಊರಿನ ಕಲ್ಲುಬಂಡೆಯಲ್ಲೂ ಅದರ ಅಂಶ ಚೂರು ಇದೆ. ಆರ್‌ವಿಜಿಯ ಒಂದು ಸಣ್ಣ ಎಕ್ಸ್-ರೇ ಹೆಚ್ಚುಕಡಿಮೆ ಒಂದು ದಿನದ ಪಾಲು. ಒಪಿಜಿ ಎರಡು ಮೂರು ದಿನದ್ದು, ಮೆಷಿನ್ ನೋಡಿಕೊಂಡು. ಸಿಬಿಸಿಟಿಯಲ್ಲಿ ದವಡೆಯ ಒಂದು ಮೂಲೆ ಮಾತ್ರ ತೆಗೆದರೆ ಕೆಲವು ದಿನದಿಂದ ಕೆಲವು ವಾರದ್ದು. ಪೂರ್ತಿ ಮುಖ ತೆಗೆದರೆ ಅದಕ್ಕಿಂತ ಹಲವು ಪಟ್ಟು. ಆಸ್ಪತ್ರೆಯಲ್ಲಿ ತಲೆಗೆ ಮಾಡುವ ದೊಡ್ಡ ಸಿಟಿ ಸ್ಕ್ಯಾನ್ 2000ದ ಆಸುಪಾಸು. 46 ವರ್ಷದ ಗಂಡಸಿಗೆ ಒಂದು ಒಪಿಜಿ, ಒಂದು ಸಣ್ಣ ಸಿಬಿಸಿಟಿಯಿಂದ ಬರುವ ಅಪಾಯ ಸೊನ್ನೆ ಅಂತಲ್ಲ, ಆದರೆ ಅದಕ್ಕೆ ನಿದ್ದೆಗೆಡುವಂಥದ್ದೂ ಅಲ್ಲ.

1896ರಲ್ಲಿ, ರಾಂಟ್‌ಜೆನ್ ಎಕ್ಸ್-ಕಿರಣದ ವಿಷಯ ಜಗತ್ತಿಗೆ ತಿಳಿಸಿದ ಕೆಲವೇ ವಾರಗಳಲ್ಲಿ, ಜರ್ಮನಿಯ ದಂತವೈದ್ಯ ವಾಲ್ಕಾಫ್ ತಮ್ಮದೇ ಹಲ್ಲಿನ ಎಕ್ಸ್-ರೇಗೆ 25 ನಿಮಿಷ ಕಿರಣದ ಎದುರು ಇದ್ದರು. ಈಗ ಅದೇ ಕೆಲಸಕ್ಕೆ ಒಂದು ಸೆಕೆಂಡೂ ಬೇಡ. ಭಯದ ಮಾತುಗಳು ಮಾತ್ರ ಆ ಕಾಲದ್ದೇ ಉಳಿದುಕೊಂಡಿವೆ.

ಕುತ್ತಿಗೆಗೆ ಸೀಸದ ಪಟ್ಟಿ ಕಟ್ಟಲಿಲ್ಲ ಅಂತ ಕೆಲವರು ಗಾಬರಿಯಾಗುತ್ತಾರೆ. ಒಪಿಜಿಯಲ್ಲಿ ಆ ಪಟ್ಟಿ ಕಟ್ಟಿದರೆ ಕಿರಣಕ್ಕೆ ಅಡ್ಡ ಬಂದು ಚಿತ್ರವೇ ಹಾಳಾಗುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ. ಈಗಿನ ಮೆಷಿನ್‌ಗಳಿಗೆ ಏಪ್ರನ್ನೂ ಬೇಡ, ಕುತ್ತಿಗೆ ಪಟ್ಟಿಯೂ ಬೇಡ ಅಂತ ಅಮೆರಿಕದ ದಂತವೈದ್ಯರ ಸಂಘವೇ 2024ರಲ್ಲಿ ಹೇಳಿದೆ. ಕೇಳಬೇಕಾದ್ದು ಬೇರೆ ಎರಡಿವೆ. ಮೆಷಿನ್‌ಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯಾ? ಮತ್ತೆ, "ಬಲಗಡೆ ಕೆಳಗಿನ ಮೂಲೆ ಮಾತ್ರ ಸಾಕಲ್ವಾ ಸರ್?" ಈ ಎರಡನೆಯದನ್ನು ಧೈರ್ಯವಾಗಿ ಕೇಳಿ. ಚಿಕ್ಕ ಜಾಗ ತೆಗೆದರೆ ಕಿರಣವೂ ಕಡಿಮೆ, ಚಿತ್ರವೂ ಹೆಚ್ಚು ಸ್ಪಷ್ಟ, ಬಹಳ ಕಡೆ ದುಡ್ಡೂ ಕಡಿಮೆ.

ಈಗ ಬಾಯಿ ತೆರೆಯದ ವಿಷಯ. ಕ್ಯಾನ್ಸರ್ ಅಂತ ನೀವು ಹೆದರಿದ್ದು ಎಕ್ಸ್-ರೇಗೆ. ಹೆದರಬೇಕಾದ್ದು ಅವರ ಜೇಬಿನಲ್ಲಿದೆ.

ನಾನೂ ಚನ್ನಗಿರಿ ಕಡೆಯವನು, ನಮ್ಮ ಮನೆಯದೂ ಅಡಿಕೆ ತೋಟವೇ. ಹಾಗಾಗಿ ಈ ಮಾತು ಹೇಳುವುದು ನನಗೆ ಸುಲಭ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕು ಸೇರಿಸದೆ ಇದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸದಾ ಅಡಿಕೆ ಅಗಿಯುವವರ ಕೆನ್ನೆಯೊಳಗಿನ ಪದರ ಬರಬರುತ್ತಾ ಬೆಳ್ಳಗೆ, ಬಿರುಸಾಗಿ, ಒಳಗೆ ಹುರಿ ಹಗ್ಗ ಕಟ್ಟಿದ ಹಾಗೆ ಆಗುತ್ತದೆ. ಖಾರ ತಿಂದರೆ ಉರಿ. ಬಾಯಿ ದಿನದಿನಕ್ಕೆ ಕಿರಿದಾಗುತ್ತದೆ. ಈ ಸ್ಥಿತಿ ಇರುವವರಲ್ಲಿ ಕೆಲವರಿಗೆ ಮುಂದೆ ಬಾಯಿ ಕ್ಯಾನ್ಸರ್ ಆಗುತ್ತದೆ.

ಮನೆಯಲ್ಲೇ ನೋಡಿ. ಅವರ ಕೈಯ ಮೂರು ಬೆರಳನ್ನು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಒಂದರ ಮೇಲೊಂದು ಬರುವ ಹಾಗೆ ಇಡಲು ಹೇಳಿ. ಸರಿಯಾಗಿ ಹೋಗಬೇಕು. ಎರಡೇ ಹೋದರೆ ತೋರಿಸಲೇಬೇಕು. ಬುದ್ಧಿಹಲ್ಲಿನ ಊತಕ್ಕೂ ಕೆಲವು ದಿನ ಬಾಯಿ ಬಿಗಿಯುತ್ತದೆ ನಿಜ, ಆದರೆ ಊತ ಇಳಿದ ಮೇಲೂ ಬಿಗಿ ಇದ್ದರೆ ಹಲ್ಲಿನ ಮೇಲೆ ಹಾಕಬೇಡಿ. ಮೆತ್ತನೆಯದು ಸಿಬಿಸಿಟಿಯಲ್ಲಿ ಕಾಣುವುದಿಲ್ಲ ಅಂದೆನಲ್ಲ, ಇದಕ್ಕೇ. ಇಷ್ಟು ಸಾವಿರದ ಸ್ಕ್ಯಾನಲ್ಲಿ ಏನೂ ಬಂದಿಲ್ಲ, ಬಾಯಿ ಚೆನ್ನಾಗಿದೆ ಅಂತ ಮನೆಗೆ ಹೋದವರನ್ನು ನೋಡಿದ್ದೇನೆ. ಕೆನ್ನೆಯ ಒಳಭಾಗವನ್ನು ಒಳ್ಳೆ ಬೆಳಕಿನಲ್ಲಿ ಕಣ್ಣಲ್ಲಿ ನೋಡಬೇಕು, ಬೆರಳಿನಿಂದ ಒತ್ತಿ ನೋಡಬೇಕು, ಅನುಮಾನ ಬಂದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಅಡಿಕೆ ಬಿಡುವುದು ಮೊದಲ ಚಿಕಿತ್ಸೆ. ಆಮೇಲೆ ಇಂಜೆಕ್ಷನ್, ಐಸ್‌ಕ್ರೀಂ ಕಡ್ಡಿಗಳನ್ನು ಒಂದೊಂದೇ ಹೆಚ್ಚಿಸುತ್ತಾ ಹಲ್ಲಿನ ನಡುವೆ ಇಟ್ಟು ಮಾಡುವ ವ್ಯಾಯಾಮ ಎಲ್ಲ ಇವೆ. ಬಿಗಿದ ಬಾಯಲ್ಲಿ ಬುದ್ಧಿಹಲ್ಲು ಕೀಳುವುದೂ ಕಷ್ಟ, ಅದನ್ನು ಕೀಳುವ ವೈದ್ಯರಿಗೆ ಮೊದಲೇ ತಿಳಿಸಿ.

ಮಗಳಿಗೆ ಎಕ್ಸ್-ರೇ ಬೇಡ. ಹೇಗೂ ಬಂದಿದ್ದೀವಿ, ಒಂದು ತೆಗೆಸಿಬಿಡೋಣ ಅನ್ನುವುದು ಬಟ್ಟೆ ಅಂಗಡಿಯಲ್ಲಿ ಸರಿ. ಮಕ್ಕಳ ಮೈ ಬೆಳೆಯುತ್ತಿರುತ್ತದೆ, ಕಿರಣದ ಪರಿಣಾಮ ದೊಡ್ಡವರಿಗಿಂತ ಜಾಸ್ತಿ. ಅದೂ ಅಲ್ಲದೆ ಎಕ್ಸ್-ರೇಯಲ್ಲಿ ಬಣ್ಣ ಕಾಣುವುದಿಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ, ಆಮೇಲೆ ಕಂದು ಕಲೆ ಬರುತ್ತದೆ. ಎರಡೂ ಪಕ್ಕದ ಹಲ್ಲುಗಳಲ್ಲಿ ಒಂದೇ ಥರ ಇದ್ದರೆ ಅದೇ ಇರಬಹುದು. ದಂತವೈದ್ಯರು ಕಣ್ಣಲ್ಲಿ ನೋಡಿಯೇ ಹೇಳುತ್ತಾರೆ. ಹುಳುಕು ಇದೆ ಅನ್ನಿಸಿದರೆ ಆಗ ಆ ಹಲ್ಲಿಗೆ ಮಾತ್ರ ಸಣ್ಣದೊಂದು ತೆಗೆಯುತ್ತಾರೆ. ಮೇಲಿನ ಕೋರೆಹಲ್ಲು ಬರುವ ಸೂಚನೆಯೇ ಇಲ್ಲದಿದ್ದರೆ ಈ ವಯಸ್ಸಿಗೆ ಎಕ್ಸ್-ರೇಗೆ ಕಾರಣ ಆಗುತ್ತದೆ, ಅದನ್ನೂ ಒಮ್ಮೆ ನೋಡಿಸಿ.

ಕಲೆಯನ್ನು ಪಾಲಿಶ್ ಮಾಡಿ ತಿಳಿ ಮಾಡಬಹುದು. ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 1.5ರ ತನಕ ಒಪ್ಪಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಮನೆಯಲ್ಲಿ ಅವಳಿಗಿಂತ ಚಿಕ್ಕವರಿದ್ದರೆ ಇದು ಇನ್ನೂ ಮುಖ್ಯ. ಅವರ ಹಲ್ಲು ಒಳಗೆ ಇನ್ನೂ ತಯಾರಾಗುತ್ತಿರುತ್ತದೆ.

ಖರ್ಚಿನ ಮಾತು. ಸಣ್ಣ ಎಕ್ಸ್-ರೇ, ಒಪಿಜಿ ನೂರರ ಲೆಕ್ಕದಲ್ಲಿ ಮುಗಿಯುತ್ತದೆ, ಸಿಬಿಸಿಟಿ ಸಾವಿರದ ಲೆಕ್ಕ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ನಿಮ್ಮ ಊರಲ್ಲೂ ಒಂದಿದೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಹೊರಗಿಗಿಂತ ಕಡಿಮೆ. ಅರವತ್ತು ಕಿಲೋಮೀಟರ್ ಬಸ್ಸು ಹತ್ತುವ ಮೊದಲು ಫೋನ್ ಮಾಡಿ ದರ, ಸಮಯ ಕೇಳಿಕೊಳ್ಳಿ.

ಬರುವಾಗ ಹಳೆಯ ಒಪಿಜಿ ಮರೆಯದೆ ತನ್ನಿ, ಮಡಿಚಬೇಡಿ. ವೈದ್ಯರ ಚೀಟಿಯಲ್ಲಿ ಯಾವ ಹಲ್ಲು, ಏನು ನೋಡಬೇಕು ಅಂತ ಬರೆಸಿಕೊಂಡು ಬನ್ನಿ. ಬರೀ "ಸಿಬಿಸಿಟಿ" ಅಂತ ಇದ್ದರೆ ಓದುವವನಿಗೆ ಕಣ್ಣು ಕಟ್ಟಿ ಬಿಟ್ಟ ಹಾಗೆ. ಮುಗಿದ ಮೇಲೆ ಪ್ರಿಂಟ್ ಹಾಳೆ ಮಾತ್ರ ಹಿಡಿದು ಹೊರಡಬೇಡಿ. ಬರೆದ ವರದಿ ಕೇಳಿ, ಪೂರ್ತಿ ಸ್ಕ್ಯಾನನ್ನು ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಳ್ಳಿ. ನಾಳೆ ಬೇರೆ ವೈದ್ಯರ ಹತ್ತಿರ ಹೋದರೆ ಇನ್ನೊಮ್ಮೆ ತೆಗೆಸುವುದು ತಪ್ಪುತ್ತದೆ. ಮತ್ತೆ, ಸ್ಕ್ಯಾನ್ ಅಂದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬಂದು ತಲೆ ಸುತ್ತಿ ಕೂರುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಇದಕ್ಕೆ ಇಂಜೆಕ್ಷನ್ ಇಲ್ಲ, ಉಪವಾಸವೂ ಬೇಡ. ತಿಂಡಿ ತಿಂದುಕೊಂಡೇ ಬನ್ನಿ.